ಬಡಾವಣೆಯ ಮಸೀದಿ: ಕಟ್ಟುವುದು ಹೇಗೆ, ನಡೆಸುವುದು ಯಾರು, ಲೆಕ್ಕ ಕೇಳುವುದು ಯಾರು

2025ರ ಏಪ್ರಿಲ್ 8ರಂದು ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಜೂನ್ 6ರಂದು ವಕ್ಫ್ ಆಸ್ತಿಗಳ ವಿವರ ತುಂಬಲು ಕೇಂದ್ರ ಸರ್ಕಾರದ ‘ಉಮೀದ್’ ಪೋರ್ಟಲ್ ತೆರೆಯಿತು. ಅಲ್ಲಿಂದೀಚೆಗೆ ಮುತವಲ್ಲಿ, ಜಮಾತ್, ವಕ್ಫ್ ಡೀಡ್ ಎಂಬ ಮಾತುಗಳು ದಿನವೂ ಸುದ್ದಿಯಲ್ಲಿವೆ. ಪಕ್ಕದ ಕ್ರಾಸಿನಲ್ಲೇ ಇಪ್ಪತ್ತು ವರ್ಷದಿಂದ ಮಸೀದಿ ನೋಡುತ್ತಿರುವವರಿಗೂ ಅದರ ಯಜಮಾನ ಯಾರು, ಇಮಾಮರಿಗೆ ಸಂಬಳ ಎಲ್ಲಿಂದ, ಕಮಿಟಿಯನ್ನು ನೇಮಿಸುವವರು ಯಾರು ಎಂಬುದು ತಿಳಿದಿರುವುದಿಲ್ಲ. ನಮಾಜಿಗೆ ಹೋಗುವವರಲ್ಲೂ ಅನೇಕರಿಗೆ ಗೊತ್ತಿಲ್ಲ. ಆದ್ದರಿಂದ ಬುಡದಿಂದಲೇ ಶುರು ಮಾಡೋಣ.

ಮೊದಲು ತಿಳಿಯಬೇಕಾದ ಎರಡು ಸಂಗತಿ

ಮಸೀದಿಗಳ ಮೇಲೆ ಧಾರ್ಮಿಕವಾಗಿ ಒಬ್ಬ ಮೇಲಧಿಕಾರಿ ಇಲ್ಲ. ಇಮಾಮರನ್ನು ಎಲ್ಲಿಂದಲೋ ವರ್ಗ ಮಾಡಿ ಕಳಿಸುವ ಕೇಂದ್ರ ಕಚೇರಿಯೂ ಇಲ್ಲ. ಆ ಮಸೀದಿಯಲ್ಲಿ ನಮಾಜು ಮಾಡುವ ಸುತ್ತಲಿನ ಮನೆಗಳವರೇ ಜಮಾತ್. ಅವರೇ ಚಂದಾ ಎತ್ತುತ್ತಾರೆ, ಇಮಾಮರನ್ನು ಹುಡುಕಿ ತರುತ್ತಾರೆ, ಕಮಿಟಿ ಆರಿಸುತ್ತಾರೆ. ಹಾಗಾಗಿ ಒಂದು ಬಡಾವಣೆಯ ಮಸೀದಿ ಅಚ್ಚುಕಟ್ಟಾಗಿರುತ್ತದೆ, ಎರಡು ಕಿಲೋಮೀಟರ್ ಆಚೆಯದ್ದು ಜಗಳದಲ್ಲಿ ಮುಳುಗಿರುತ್ತದೆ. ಎರಡನ್ನೂ ಒಂದೇ ಸಂಸ್ಥೆಯ ಶಾಖೆಗಳೆಂದು ತಿಳಿದರೆ ಏನೂ ಅರ್ಥವಾಗುವುದಿಲ್ಲ.

ಎರಡನೆಯದು ವಕ್ಫ್. ಒಬ್ಬರು ತಮ್ಮ ಜಾಗವನ್ನು ಧರ್ಮಕಾರ್ಯಕ್ಕೆಂದು ಶಾಶ್ವತವಾಗಿ ಬಿಟ್ಟುಕೊಟ್ಟರೆ ಅದು ವಕ್ಫ್. ಆಮೇಲೆ ಅದು ಕೊಟ್ಟವರದ್ದಲ್ಲ, ಅವರ ಮಕ್ಕಳದ್ದಲ್ಲ, ಕಮಿಟಿಯದ್ದೂ ಅಲ್ಲ. ದೇವಸ್ಥಾನಕ್ಕೆ ದತ್ತಿ ಬಿಟ್ಟ ಗದ್ದೆಯನ್ನು ಉತ್ತು ಅದರ ಫಲದಲ್ಲಿ ಪೂಜೆ ನಡೆಸಬಹುದು, ಗದ್ದೆಯನ್ನೇ ಮಾರುವಂತಿಲ್ಲವಲ್ಲ, ಇದೂ ಹಾಗೆಯೇ. 2013ರ ತಿದ್ದುಪಡಿಯ ನಂತರ ವಕ್ಫ್ ಆಸ್ತಿಯ ಮಾರಾಟ, ದಾನ, ಅಡಮಾನ, ಅದಲುಬದಲು ಯಾವುದೂ ಮೊದಲಿನಿಂದಲೇ ಅಸಿಂಧು. ಆ ಆಸ್ತಿಯನ್ನು ನೋಡಿಕೊಳ್ಳುವ ಹೊಣೆಗಾರನೇ ಮುತವಲ್ಲಿ. ಒಬ್ಬ ವ್ಯಕ್ತಿ ಇರಬಹುದು, ಕಮಿಟಿಯೇ ಇರಬಹುದು. ಮುತವಲ್ಲಿಗೆ ಮಾಲೀಕತ್ವವಿಲ್ಲ, ಲೆಕ್ಕ ಕೊಡುವ ಬಾಧ್ಯತೆ ಮಾತ್ರ ಇದೆ.

ಬಡಾವಣೆಗೆ ಮಸೀದಿ ಬಂದ ದಾರಿ

ಕರ್ನಾಟಕದ ಹಳೆಯ ಮಸೀದಿಗಳನ್ನು ಕಟ್ಟಿಸಿದವರು ಹೆಚ್ಚಾಗಿ ಅರಸರು ಇಲ್ಲವೇ ವ್ಯಾಪಾರಿಗಳು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು, ಬಹಮನಿಗಳ ಕಾಲದ್ದು. ವಿಜಯಪುರದ ಜಾಮಿ ಮಸೀದಿ ಆದಿಲ್‌ಶಾಹಿಗಳದ್ದು, ಶ್ರೀರಂಗಪಟ್ಟಣದ್ದು ಟಿಪ್ಪುವಿನದ್ದು. ಕರಾವಳಿಯ ಮಸೀದಿಗಳು ಅರಬ್ಬರ ಜೊತೆಗಿನ ಕಡಲ ವ್ಯಾಪಾರದ ಕೂಸುಗಳು. ಇವುಗಳಿಗೆ ಇನಾಮು ಭೂಮಿಯೋ ಅಂಗಡಿಗಳ ಬಾಡಿಗೆಯೋ ಇತ್ತು.

ಬಡಾವಣೆಯ ಮಸೀದಿ ಬೇರೆಯೇ ಬಗೆಯದು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಕಾರ್ಖಾನೆಗಳ ಸುತ್ತ ಕಾಲೊನಿಗಳು ಬೆಳೆದವು. ಪೇಟೆ ಮತ್ತು ದಂಡಿನ ಹಳೆಯ ಮೊಹಲ್ಲಾಗಳಿಂದ, ಬೇರೆ ಜಿಲ್ಲೆಗಳಿಂದ ಜನ ನಗರದ ಅಂಚಿಗೆ ಬಂದರು. ದಿನಕ್ಕೆ ಐದು ಹೊತ್ತಿನ ನಮಾಜಿಗೆ ಪೇಟೆಯ ಮಸೀದಿಗೆ ಹೋಗಿಬರಲು ಆಗುವುದಿಲ್ಲ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಜಾಗ ಬೇಕು.

ಇಂಥ ಕಡೆ ಮಸೀದಿ ಒಮ್ಮೆಲೇ ಏಳುವುದಿಲ್ಲ. ಮೊದಲು ಯಾರದೋ ಮನೆಯ ಮಹಡಿಯಲ್ಲೋ ಬಾಡಿಗೆ ಶೆಡ್ಡಿನಲ್ಲೋ ನಮಾಜು ಶುರುವಾಗುತ್ತದೆ. ಇದನ್ನು ಇಬಾದತ್‌ಗಾಹ್ ಎನ್ನುತ್ತಾರೆ. ಬಾಡಿಗೆ ಮುಗಿದರೆ ಖಾಲಿ ಮಾಡಬಹುದು. ಎರಡನೆಯ ಹಂತದಲ್ಲಿ ಹತ್ತಾರು ಜನ ಸೇರಿ ಸೊಸೈಟಿಯನ್ನೋ ಟ್ರಸ್ಟನ್ನೋ ನೋಂದಾಯಿಸುತ್ತಾರೆ. ಸೊಸೈಟಿಯಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಮೂರನೆಯದು ನಿವೇಶನ. ಖಾಸಗಿ ಸೈಟು ಕೊಳ್ಳಬಹುದು, ಅಥವಾ ಬಿಡಿಎ ಬಡಾವಣೆಗಳಲ್ಲಿ ಬಿಟ್ಟಿರುವ ಸಿಎ ಸೈಟಿಗೆ, ಅಂದರೆ ನಾಗರಿಕ ಸೌಲಭ್ಯದ ನಿವೇಶನಕ್ಕೆ, ಅರ್ಜಿ ಹಾಕಬಹುದು. ಧಾರ್ಮಿಕ, ಶೈಕ್ಷಣಿಕ, ಸಾಂಸ್ಕೃತಿಕ ಕೇಂದ್ರಗಳೂ ಸಿಎ ಸೈಟಿನ ವ್ಯಾಖ್ಯೆಯೊಳಗೆ ಬರುತ್ತವೆ, ಎಲ್ಲ ಧರ್ಮದವರಿಗೂ ಒಂದೇ ನಿಯಮ. ಇದು 30 ವರ್ಷದ ಗುತ್ತಿಗೆಯೇ ಹೊರತು ಮಾರಾಟವಲ್ಲ. ಗುತ್ತಿಗೆ ಜಾಗ ಕಮಿಟಿಯ ಸ್ವಂತದ್ದಲ್ಲವಾದ್ದರಿಂದ ಅದನ್ನು ವಕ್ಫ್ ಮಾಡಲು ಬರುವುದಿಲ್ಲ. ಅನೇಕ ಕಮಿಟಿಗಳು ತಡವಾಗಿ ಕಲಿಯುವ ಪಾಠ ಇದು.

ಪಾರ್ಕು, ರಸ್ತೆ, ಕೆರೆಯಂಗಳದ ಮೇಲೆ ಕಣ್ಣು ಹಾಕುವ ಮಾತೇ ಇಲ್ಲ. ಸಾರ್ವಜನಿಕ ಜಾಗದಲ್ಲಿ ಯಾವ ಧರ್ಮದ ಅನಧಿಕೃತ ಕಟ್ಟಡವೂ ಹೊಸದಾಗಿ ಏಳಕೂಡದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ.

ದಿಕ್ಕು, ಸಾಲು, ನೀರು

ನಮಾಜು ಮಾಡುವವರು ಮೆಕ್ಕಾದ ಕಾಬಾದ ಕಡೆ ಮುಖ ಮಾಡಬೇಕು. ಆ ದಿಕ್ಕೇ ಕಿಬ್ಲಾ. ನಮ್ಮಲ್ಲಿ ಅದನ್ನು ಪಶ್ಚಿಮ ಎಂದುಬಿಡುವುದು ರೂಢಿ. ಲೆಕ್ಕ ಹಾಕಿದರೆ ಬೆಂಗಳೂರಿನಿಂದ ಕಿಬ್ಲಾ ನೇರ ಪಶ್ಚಿಮವಲ್ಲ, ಅಲ್ಲಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ. ದಿಕ್ಸೂಚಿ ನಂಬುವುದಾದರೆ ಕಬ್ಬಿಣದ ಸರಳು ಸೈಟಿಗೆ ಬಂದು ಬೀಳುವ ಮೊದಲೇ ನೋಡಿಕೊಳ್ಳಬೇಕು, ಸರಳಿನ ಪಕ್ಕದಲ್ಲಿ ಮುಳ್ಳು ತಪ್ಪು ತೋರಿಸುತ್ತದೆ. ಅದಕ್ಕಿಂತ ಖಚಿತವಾದದ್ದು ಸೂರ್ಯನ ಉಪಾಯ. ಪ್ರತಿವರ್ಷ ಮೇ 28ರ ಆಸುಪಾಸು ನಮ್ಮ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳಿನ ತುದಿಯಿಂದ ಬುಡಕ್ಕೆ ಗೆರೆ ಎಳೆದರೆ ಅದು ಕಿಬ್ಲಾದ ಗೆರೆ. ಜುಲೈ 16ರ ಸುಮಾರಿಗೆ 2 ಗಂಟೆ 57 ನಿಮಿಷಕ್ಕೆ ಇನ್ನೊಂದು ಅವಕಾಶವಿದೆ, ಆದರೆ ಅದು ಮಳೆಗಾಲ.

ಸೈಟು ದಿಕ್ಕಿಗೆ ಸರಿಯಾಗಿ ಹಾಕಿದ ಚೌಕ, ಕಿಬ್ಲಾ ಓರೆ. ಇಲ್ಲಿಂದ ತೊಂದರೆ ಶುರು. 30×40 ಸೈಟಿನಲ್ಲಿ ಗೋಡೆ, ಸುತ್ತ ಬಿಡಬೇಕಾದ ಜಾಗ ಕಳೆದು 24×32 ಅಡಿಯ ಹಾಲು ಸಿಕ್ಕಿತು ಎನ್ನಿ. ಒಬ್ಬರಿಗೆ ಅಡ್ಡಕ್ಕೆ 2 ಅಡಿ, ಹಿಂದುಮುಂದಕ್ಕೆ 4 ಅಡಿ ಬೇಕು, ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಬೇಕಲ್ಲ. ನೇರವಾಗಿದ್ದರೆ ಸಾಲಿಗೆ 12 ಜನ, 8 ಸಾಲು, ಒಟ್ಟು 96. ಗೋಡೆಗೆ 18 ಡಿಗ್ರಿ ಓರೆಯಾಗಿ ಸಾಲು ಎಳೆದರೆ ಒಂದು ತುದಿಗೂ ಇನ್ನೊಂದು ತುದಿಗೂ ಸುಮಾರು 8 ಅಡಿ ವ್ಯತ್ಯಾಸ ಬರುತ್ತದೆ. ಮುಂದೊಂದು ಹಿಂದೊಂದು ತ್ರಿಕೋನ ಉಳಿದು ಹತ್ತಿಪ್ಪತ್ತು ಜನರ ಜಾಗ ಹೋಗುತ್ತದೆ. ಜಾಣ ಕಮಿಟಿ ಮುಂದಿನ ತ್ರಿಕೋನದಲ್ಲಿ ಇಮಾಮರ ಜಾಗ ಮತ್ತು ಕುರ್‌ಆನ್ ಕಪಾಟು, ಹಿಂದಿನದರಲ್ಲಿ ಚಪ್ಪಲಿ ಗೂಡು ಮತ್ತು ಮೆಟ್ಟಿಲು ಕೂರಿಸುತ್ತದೆ. ಕಾರ್ಪೆಟ್ಟಿನ ಮೇಲಿನ ಗೆರೆಗಳು ಗೋಡೆಗೆ ಓರೆಯಾಗಿ ಕಂಡರೆ ಅದು ಹಾಸಿದವನ ತಪ್ಪಲ್ಲ. ನೇರ ಪಶ್ಚಿಮಕ್ಕೆ ಕಟ್ಟಿದ ಹಳೆಯ ಮಸೀದಿಯಲ್ಲಿ ನಮಾಜು ಕೆಡುತ್ತದೆಯೇ? ಇಲ್ಲ. ಕಿಬ್ಲಾದಿಂದ ಎರಡೂ ಬದಿಗೆ 45 ಡಿಗ್ರಿಯೊಳಗಿದ್ದರೆ ನಡೆಯುತ್ತದೆ ಎಂಬುದು, ಆಚರಣೆಯ ನಿಯಮ ಹೇಳುವ ಪಂಥಗಳಲ್ಲಿ ಒಂದಾದ ಹನಫಿ ಪಂಥದ ನಿಲುವು. ಗೋಡೆ ಒಡೆಯುವ ಜಗಳಕ್ಕೆ ಕಾರಣವಿಲ್ಲ.

ಇಮಾಮರು ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಮಹಡಿಯಲ್ಲಿ ನಿಂತವರೂ ಅವರ ದನಿ ಕೇಳಿಯೇ ಬಾಗುವುದು, ಏಳುವುದು. ಕರೆಂಟು ಹೋಗಿ ಮೈಕು ನಿಂತರೆ ಮೇಲಿನವರು ಸಜ್ದಾದಲ್ಲೇ ಉಳಿದುಬಿಡುತ್ತಾರೆ. ಅದಕ್ಕೆಂದೇ ಮಧ್ಯದ ಸಾಲಿನಲ್ಲಿ ಒಬ್ಬರು ಇಮಾಮರ ‘ಅಲ್ಲಾಹು ಅಕ್ಬರ್’ ಅನ್ನು ಎತ್ತರದ ದನಿಯಲ್ಲಿ ಮರುನುಡಿಯುತ್ತಾರೆ, ಅವರು ಮುಕಬ್ಬಿರ್. ಮೈಕಿಗೆ ಒಂದು ಯುಪಿಎಸ್, ಚಾವಣಿಯ ನಡುವೆ ಒಂದು ತೆರಪು ಇಟ್ಟರೆ ಈ ಪರದಾಟವೇ ಇರುವುದಿಲ್ಲ.

ನಮಾಜಿಗೆ ಮುಂಚೆ ವಜೂ: ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗಿನ ತೋಳು ತೊಳೆದು, ಒದ್ದೆ ಕೈ ತಲೆಗೆ ಸವರಿ, ಪಾದ ತೊಳೆಯುವುದು. ಹಳೆಯ ಮಸೀದಿಗಳಲ್ಲಿ ಇದಕ್ಕೆ ಹೌಜ್ ಎಂಬ ಕೊಳ ಇರುತ್ತಿತ್ತು. ಹನಫಿ ಲೆಕ್ಕದಲ್ಲಿ ನಿಂತ ನೀರು ಸುಲಭಕ್ಕೆ ಮೈಲಿಗೆಯಾಗದಿರಬೇಕಾದರೆ ಹೌಜು ಹತ್ತು ಮೊಳಕ್ಕೆ ಹತ್ತು ಮೊಳ ಇರಬೇಕು, ಅಂದರೆ ಸರಿಸುಮಾರು 15×15 ಅಡಿ. 1,200 ಚದರಡಿ ಸೈಟಿನಲ್ಲಿ 225 ಚದರಡಿ ಕೊಳಕ್ಕೇ ಹೋದರೆ ಏನುಳಿಯಿತು? ಬಡಾವಣೆಗಳಲ್ಲಿ ಹೌಜು ಮಾಯವಾಗಿ ನಲ್ಲಿ ಸಾಲು ಬಂದದ್ದು ಹೀಗೆ.

ನಲ್ಲಿ ಎಷ್ಟು ಬೇಕೆಂಬುದನ್ನು ಶುಕ್ರವಾರ ನಿರ್ಧರಿಸುತ್ತದೆ. 200 ಜನ, ತಲಾ ಒಂದೂವರೆ ನಿಮಿಷ, ಹತ್ತು ನಲ್ಲಿ ಎಂದರೆ ಅರ್ಧ ಗಂಟೆ. ಇಪ್ಪತ್ತು ನಲ್ಲಿಯಾದರೆ ಕಾಲು ಗಂಟೆ. ನಿಮಿಷಕ್ಕೆ 4 ಲೀಟರ್ ಬರುವ ನಲ್ಲಿಯನ್ನು ತೆರೆದೇ ಇಟ್ಟರೆ ಒಬ್ಬರಿಗೆ 6 ಲೀಟರ್, ಅಂದರೆ ಶುಕ್ರವಾರದ ಜುಮಾ ನಮಾಜು ಒಂದಕ್ಕೇ 1,200 ಲೀಟರ್. ಒತ್ತು ನಲ್ಲಿ ಹಾಕಿದರೆ ಇದು ಅರ್ಧಕ್ಕಿಳಿಯುತ್ತದೆ. ವಜೂ ನೀರಿನ ಪೈಪನ್ನು ಶೌಚಾಲಯದ ಪೈಪಿಗೆ ಸೇರಿಸದೆ ಬೇರೆಯಾಗಿ ಇಂಗುಗುಂಡಿಗೆ ಬಿಡುವುದು ಕಟ್ಟುವಾಗ ಸುಲಭ, ಆಮೇಲೆ ದುಬಾರಿ.

ನಕ್ಷೆಯ ಹಂತದಲ್ಲೇ ಗಟ್ಟಿ ಮಾಡಬೇಕಾದ ಇನ್ನೊಂದು ವಿಷಯ: ಕಟ್ಟಡದ ಯಾವ ಭಾಗ ಮಸೀದಿ, ಯಾವುದು ಅಲ್ಲ. ಒಮ್ಮೆ ನಮಾಜಿನ ಭಾಗವೆಂದು ಘೋಷಿಸಿದ್ದನ್ನು ಆಮೇಲೆ ಅಂಗಡಿ, ಕಚೇರಿ ಮಾಡುವಂತಿಲ್ಲ. ನೆಲಮಹಡಿಯಲ್ಲಿ ಅಂಗಡಿ, ಮಕ್ಕಳ ಪಾಠದ ಮಕ್ತಬ್, ವಜೂಖಾನೆ ಬೇಕಿದ್ದರೆ ಅಡಿಪಾಯಕ್ಕೆ ಮೊದಲೇ ಬರೆದಿಡಬೇಕು.

ಯಾರ ಕೆಲಸ ಏನು

ಪೇಶ್ ಇಮಾಮ್ ಐದೂ ಹೊತ್ತು ನಮಾಜು ನಡೆಸುವವರು. ಬೆಳಗಿನ ಫಜರ್, ಮಧ್ಯಾಹ್ನದ ಜುಹರ್, ಇಳಿಹೊತ್ತಿನ ಅಸರ್, ಸೂರ್ಯ ಮುಳುಗಿದೊಡನೆ ಮಗ್ರಿಬ್, ರಾತ್ರಿಯ ಇಶಾ. ವಾರದಲ್ಲಿ 35 ಸಲ, ವಾರದ ರಜೆ ಎಂಬುದಿಲ್ಲ. ಅದಕ್ಕೇ ಇಮಾಮರ ಮನೆ ಮಸೀದಿಯ ಆವರಣದಲ್ಲೋ ಪಕ್ಕದಲ್ಲೋ ಇರುತ್ತದೆ. ನಮಾಜಿಗೆ ಕರೆಯುವ ಆಜಾನ್ ಕೊಡುವವರು ಮೌಜನ್. ಬಾಗಿಲು, ಗುಡಿಸುವುದು, ಟ್ಯಾಂಕಿಯ ನೀರು ನೋಡುವುದು ಕೂಡ ಬಹಳ ಕಡೆ ಅವರ ತಲೆಗೇ. ಶುಕ್ರವಾರದ ಖುತ್ಬಾ, ಅಂದರೆ ಪ್ರವಚನ, ಓದುವವರು ಖತೀಬ್, ಸಣ್ಣ ಮಸೀದಿಯಲ್ಲಿ ಇಮಾಮರೇ ಖತೀಬರೂ ಹೌದು.

ಇಮಾಮರ ಸಂಬಳದ ಹೊಣೆ ಜಮಾತ್‌ನದ್ದು. ವಕ್ಫ್ ಮಂಡಳಿಗಳು ಇಮಾಮರಿಗೆ ವೇತನದ ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಕರ್ನಾಟಕದಲ್ಲಿ ಸರ್ಕಾರದ ಗೌರವಧನವೂ ಇದೆ. 2025-26ರ ಬಜೆಟ್ಟಿನಲ್ಲಿ ಪೇಶ್ ಇಮಾಮರಿಗೆ ತಿಂಗಳಿಗೆ 6,000 ರೂಪಾಯಿ, ಮೌಜನರಿಗೆ 5,000 ರೂಪಾಯಿ ಎಂದು ಘೋಷಣೆಯಾಯಿತು, ಜೈನ ಅರ್ಚಕರಿಗೂ ಸಿಖ್ ಗ್ರಂಥಿಗಳಿಗೂ ಅದೇ ಸಾಲಿನಲ್ಲಿ. ಅದರ ಮೇಲೆ ಒಂದು ಸಂಸಾರ ನಡೆಯದು. ಉಳಿದದ್ದು ಚಂದಾ ಹಣ.

ಕಮಿಟಿಯ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯನ್ನು ಆರಿಸುವುದು ಜಮಾತ್‌ನ ಸಾಮಾನ್ಯ ಸಭೆ. ನೋಂದಾಯಿತ ವಕ್ಫ್ ಆದರೆ ಕಮಿಟಿಗೆ ರಾಜ್ಯ ವಕ್ಫ್ ಮಂಡಳಿಯ ಒಪ್ಪಿಗೆ ಬೇಕು. ಅವಧಿ ಮುಗಿದರೂ ಕುರ್ಚಿ ಬಿಡದಿದ್ದರೆ, ಲೆಕ್ಕ ಕೊಡದಿದ್ದರೆ, ಎರಡು ಬಣವಾಗಿ ಬಾಗಿಲಿಗೆ ಬೀಗ ಬೀಳುವಂತಾದರೆ ಮಂಡಳಿ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಜಗಳದ ಮೂಲ ಬಹುತೇಕ ಒಂದೇ: ಮತ ಹಾಕಲು ಯಾರು ಅರ್ಹರು ಎಂಬ ಸದಸ್ಯರ ಪಟ್ಟಿ ಬರೆದಿಟ್ಟಿರುವುದಿಲ್ಲ. ಕರಾವಳಿಯಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ಪ್ರತಿ ಮನೆಯೂ ಒಂದು ಜಮಾಅತ್‌ಗೆ ಸೇರಿರುತ್ತದೆ, ತಿಂಗಳ ವಂತಿಗೆ ಪುಸ್ತಕದಲ್ಲಿರುತ್ತದೆ, ಮದುವೆಗೆ ಊರಿನ ಜಮಾಅತ್‌ನ ಪತ್ರ ಬೇಕಾಗುತ್ತದೆ. ಬಾಡಿಗೆದಾರರು ಬಂದು ಹೋಗುವ ಬೆಂಗಳೂರಿನ ಬಡಾವಣೆಯಲ್ಲಿ ಅಂಥ ಪುಸ್ತಕ ಇಡುವುದು ಕಷ್ಟವೇ, ಆದರೂ ಇಡಲೇಬೇಕು.

ಅಂದಹಾಗೆ, ಅಸರ್ ನಮಾಜಿನ ಸಮಯ ಎರಡು ಮಸೀದಿಗಳಲ್ಲಿ ಮುಕ್ಕಾಲು ಗಂಟೆಯಷ್ಟು ಬೇರೆ ಇದ್ದರೆ ಗಾಬರಿ ಬೇಡ. ನಡುಹಗಲಿನ ನೆರಳನ್ನು ಕಳೆದು ನೋಡಿದಾಗ ವಸ್ತುವಿನ ನೆರಳು ಅದರ ಎತ್ತರದಷ್ಟಾದಾಗ ಅಸರ್ ಶುರು ಎನ್ನುತ್ತಾರೆ ಶಾಫಿ ಪಂಥದವರು, ಎರಡರಷ್ಟಾದಾಗ ಎನ್ನುತ್ತಾರೆ ಹನಫಿಗಳು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ, ದಖ್ಖನಿ ಉರ್ದು ಆಡುವವರು ಹೆಚ್ಚಾಗಿ ಹನಫಿ.

ಜುಮಾ, ಧ್ವನಿವರ್ಧಕ, ನೆರೆಹೊರೆ

ಶುಕ್ರವಾರ ಮಧ್ಯಾಹ್ನ ಜುಹರ್ ಬದಲು ಜುಮಾ. ಮೊದಲು ಉರ್ದುವಿನಲ್ಲೋ ಕನ್ನಡದಲ್ಲೋ ಬಯಾನ್ ಎಂಬ ಉಪದೇಶ, ಆಮೇಲೆ ಎರಡನೇ ಆಜಾನ್, ಮಿಂಬರ್ ಎಂಬ ಪೀಠ ಏರಿ ಅರಬಿಯಲ್ಲಿ ಖುತ್ಬಾ, ಕೊನೆಗೆ ಎರಡು ರಕಾತ್, ಅಂದರೆ ಎರಡು ಆವೃತ್ತಿಯ ನಮಾಜು. ವಾರದ ಚಂದಾದ ದೊಡ್ಡ ಪಾಲು ಬರುವುದು ಆ ಒಂದು ಗಂಟೆಯಲ್ಲಿ, ನೆರೆಯವರ ದೂರು ಬರುವುದೂ ಆಗಲೇ: ಗೇಟಿಗೆ ಅಡ್ಡ ನಿಂತ ಬೈಕು. ನಾಲ್ಕು ಜನ ಸ್ವಯಂಸೇವಕರು ಅರ್ಧ ಗಂಟೆ ಮುಂಚೆ ರಸ್ತೆಯಲ್ಲಿ ನಿಂತರೆ ಇದು ಬಗೆಹರಿಯುತ್ತದೆ. ಬೋರ್ಡು ಹಾಕಿದರೆ ಬಗೆಹರಿಯುವುದಿಲ್ಲ.

ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಅನ್ವಯ. ಅನುಮತಿ ಬರಹದಲ್ಲಿರಬೇಕು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ, ಮುಚ್ಚಿದ ಸಭಾಂಗಣದೊಳಗಿನ ಬಳಕೆಗೆ ವಿನಾಯಿತಿ ಇದೆ. ಫಜರ್ ಆಜಾನ್ 6ಕ್ಕೆ ಮುಂಚೆಯೇ ಬರುವುದರಿಂದ ಅದನ್ನು ಹೊರಗಿನ ಮೈಕಿಲ್ಲದೆ ಕೊಡಬೇಕು. ಆಜಾನಿಗೆ ಮೈಕು ಧಾರ್ಮಿಕ ಅಗತ್ಯವಲ್ಲ, ಬಾಯಲ್ಲಿ ಕೊಟ್ಟರೂ ಪೂರ್ಣ.

ಹಣ: ಒಂದೇ ಡಬ್ಬಿಗೆ ಹಾಕಬಾರದ್ದು

ಮಸೀದಿಯ ಲೆಕ್ಕ ಕೆಡುವುದು ಕಳ್ಳತನದಿಂದಲೇ ಆಗಬೇಕಿಲ್ಲ, ಬೆರಕೆಯಿಂದಲೂ ಕೆಡುತ್ತದೆ. ಝಕಾತ್ ಎಂದರೆ ನಿಗದಿತ ಮಿತಿ ಮೀರಿದ ಉಳಿತಾಯದ ಮೇಲೆ ಚಾಂದ್ರಮಾನ ವರ್ಷಕ್ಕೊಮ್ಮೆ ಕೊಡುವ ಶೇ. 2.5. ಮಿತಿ 612.36 ಗ್ರಾಂ ಬೆಳ್ಳಿ ಅಥವಾ 87.48 ಗ್ರಾಂ ಚಿನ್ನ. ಇದು ಬಡವರ ಕೈ ಸೇರಿ ಅವರ ಸ್ವಂತದ್ದಾಗಬೇಕು. ಗೋಡೆ ಯಾವುದಕ್ಕೂ ಒಡೆಯನಾಗಲಾರದು, ಹಾಗಾಗಿ ಝಕಾತ್ ಹಣದಲ್ಲಿ ಮಸೀದಿ ಕಟ್ಟುವಂತಿಲ್ಲ, ಇಮಾಮರ ಸಂಬಳ ಕೊಡುವಂತಿಲ್ಲ, ಕರೆಂಟ್ ಬಿಲ್ ಕಟ್ಟುವಂತಿಲ್ಲ. ರಂಜಾನ್ ಕೊನೆಯ ಫಿತ್ರಾ ತಲೆಗಿಷ್ಟೆಂದು ಕೊಡುವಂಥದ್ದು, ಈದ್ ನಮಾಜಿಗೆ ಮುಂಚೆ ಬಡವರ ಮನೆ ತಲುಪಬೇಕು. ಬಕ್ರೀದಿನ ಕುರ್ಬಾನಿ ಚರ್ಮ ಮಾರಿದ ಹಣವೂ ಬಡವರದ್ದೇ. ಕಟ್ಟಡ, ಸಂಬಳ, ನೀರು, ಕರೆಂಟಿಗೆ ಬಳಸಬಹುದಾದದ್ದು ಮಸೀದಿಗೆಂದೇ ಕೊಟ್ಟ ಚಂದಾ ಮತ್ತು ಅಂಗಡಿ ಬಾಡಿಗೆ. ಆದ್ದರಿಂದ ಕನಿಷ್ಠ ಎರಡು ಬ್ಯಾಂಕ್ ಖಾತೆ, ಎರಡು ಬಣ್ಣದ ರಸೀದಿ ಪುಸ್ತಕ ಬೇಕು. ಚಂದಾ ಡಬ್ಬಿಯನ್ನು ಜುಮಾ ಮುಗಿದೊಡನೆ ಮೂವರ ಎದುರು ತೆರೆದು, ಎಣಿಸಿ, ಮೂವರೂ ಸಹಿ ಹಾಕಿ, ಮೊತ್ತವನ್ನು ಬಾಗಿಲ ಬಳಿಯ ಬೋರ್ಡಿನಲ್ಲಿ ಬರೆಯುವ ಪದ್ಧತಿ ಇರುವಲ್ಲಿ ಗುಸುಗುಸು ಹುಟ್ಟುವುದಿಲ್ಲ.

ನೋಂದಾಯಿತ ವಕ್ಫ್‌ನ ನಿವ್ವಳ ವಾರ್ಷಿಕ ಆದಾಯ 5,000 ರೂಪಾಯಿ ಮುಟ್ಟಿದರೆ ಮಂಡಳಿಗೆ ವಂತಿಗೆ ಕಟ್ಟಬೇಕು. ಮೊದಲು ಶೇ. 7 ಇತ್ತು, 2025ರ ಕಾಯ್ದೆಯಲ್ಲಿ ಗರಿಷ್ಠ ಶೇ. 5. ಆದಾಯ 1 ಲಕ್ಷ ಮೀರಿದರೆ ಪ್ರತಿವರ್ಷ ಆಡಿಟ್.

ನಮಾಜಿನಾಚೆ

ಮಕ್ತಬ್ ಮಸೀದಿಯ ದಿನನಿತ್ಯದ ಕೆಲಸ. ಶಾಲೆಗೆ ಹೋಗುವ ಮಕ್ಕಳೇ ಬೆಳಗ್ಗೆಯೋ ಸಂಜೆಯೋ ಒಂದು ಗಂಟೆ ಬಂದು ಕುರ್‌ಆನ್ ಓದಲು, ದುವಾ ಹೇಳಲು ಕಲಿಯುತ್ತಾರೆ. ಇದನ್ನು ವಸತಿ ಸಹಿತ ಮದರಸಾದೊಂದಿಗೆ ಬೆರೆಸಬಾರದು. ನಿಕಾಹ್‌ಗೆ ಇಬ್ಬರು ಸಾಕ್ಷಿ, ವರ ವಧುವಿಗೆ ಕೊಡುವ ಮೆಹರ್ ಮತ್ತು ರಿಜಿಸ್ಟರಿನಲ್ಲಿ ಸಹಿ ಬೇಕು. ಹೆಸರಿನ ಕಾಗುಣಿತ ಆಧಾರ್‌ನಲ್ಲಿರುವಂತೆಯೇ ಬರೆಯದಿದ್ದರೆ ಮುಂದೆ ಪಾಸ್‌ಪೋರ್ಟಿನ ಹೊತ್ತಿಗೆ ದಂಪತಿ ಅಲೆಯಬೇಕಾಗುತ್ತದೆ.

ಮಹಿಳೆಯರು ಮಸೀದಿಯಲ್ಲಿ ನಮಾಜು ಮಾಡಲು ಅಡ್ಡಿಯಿಲ್ಲ ಎಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2020ರಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿದೆ. ಆದರೂ ಜಾಗ ಇರುವುದು ಕೆಲವೇ ಕಡೆ. ಪ್ರತ್ಯೇಕ ಮೆಟ್ಟಿಲು ಮತ್ತು ವಜೂ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಆಮೇಲೆ ಸೇರಿಸಲು ಆಗುವುದಿಲ್ಲ ಎಂಬುದು ಅದಕ್ಕೆ ಒಂದು ಕಾರಣ.

ಸಾವಿನ ಹೊತ್ತಿನಲ್ಲಿ ಮಸೀದಿ ಇಲ್ಲದೆ ಆಗುವುದೇ ಇಲ್ಲ. ಮೈ ತೊಳೆಸುವ ಹಲಗೆ, ಜನಾಜಾ, ಅಂದರೆ ಹೆಣ, ಹೊರುವ ಡೋಲಿ ಅಲ್ಲಿಯೇ ಇರುತ್ತವೆ. ಗಂಡಸರಿಗೆ ಮೂರು, ಹೆಂಗಸರಿಗೆ ಐದು ತುಂಡು ಕಫನ್ ಬಟ್ಟೆ. ಜನಾಜಾ ನಮಾಜಿನಲ್ಲಿ ಬಾಗುವುದಿಲ್ಲ, ಹಣೆ ಇಡುವುದಿಲ್ಲ. ನಿಂತೇ ನಾಲ್ಕು ತಕ್ಬೀರ್, ಅಂದರೆ ನಾಲ್ಕು ಸಲ ‘ಅಲ್ಲಾಹು ಅಕ್ಬರ್’. ತೊಡಕು ಬರುವುದು ಖಬರಸ್ತಾನದಲ್ಲಿ. ಹೊಸ ಬಡಾವಣೆಗೆ ಸ್ವಂತ ಖಬರಸ್ತಾನ ಇರುವುದಿಲ್ಲ, ಬೇರೆ ಜಮಾತ್‌ನ ಜಾಗ ಕೇಳಬೇಕು. ಮನೆಯಲ್ಲಿ ಹೆಣವಿಟ್ಟುಕೊಂಡು ಫೋನು ಮಾಡುವ ಗತಿ ಯಾರಿಗೂ ಬರಬಾರದೆಂದರೆ ಆ ಒಪ್ಪಂದವನ್ನು ಮೊದಲೇ ಬರೆದು ಸಹಿ ಮಾಡಿಸಿಡಬೇಕು. ಖಬರಸ್ತಾನದ ಚೀಟಿ ಜೋಪಾನ, 21 ದಿನದೊಳಗೆ ಮರಣ ನೋಂದಣಿಗೆ ಬೇಕು.

ಈಗ ಕೇಳುತ್ತಿರುವ ಕಾಗದಗಳು

ಹೊಸ ಕಾಯ್ದೆಯಂತೆ ಈಗಾಗಲೇ ನೋಂದಾಯಿತವಾದ ಪ್ರತಿ ವಕ್ಫ್‌ನ ವಿವರ ಪೋರ್ಟಲ್‌ಗೆ ಏರಬೇಕು. ಅದಕ್ಕೆ ಕೊಟ್ಟಿದ್ದ 6 ತಿಂಗಳ ಅವಧಿ 2025ರ ಡಿಸೆಂಬರ್‌ನಲ್ಲಿ ಮುಗಿಯಿತು. ಸಕಾರಣವಿದ್ದರೆ ವಕ್ಫ್ ನ್ಯಾಯಮಂಡಳಿ ಗರಿಷ್ಠ ಇನ್ನೂ 6 ತಿಂಗಳು ಕೊಡಬಹುದು. ಬೇಕಾದದ್ದು: ಆಸ್ತಿಯ ಗಡಿ ಮತ್ತು ಅಳತೆ, ಈಗಿನ ಬಳಕೆ, ವಕ್ಫ್ ಮಾಡಿದವರ ಹೆಸರು, ಮಾಡಿದ ಬಗೆ ಮತ್ತು ದಿನಾಂಕ, ಇದ್ದರೆ ವಕ್ಫ್ ಡೀಡ್, ಈಗಿನ ಮುತವಲ್ಲಿ, ಆದಾಯ, ಕಟ್ಟುವ ತೆರಿಗೆ, ನಡೆಯುತ್ತಿರುವ ವ್ಯಾಜ್ಯ. ಮುತವಲ್ಲಿ ತುಂಬಿದ್ದನ್ನು ಮೇಲಿನ ಎರಡು ಹಂತದಲ್ಲಿ ಪರಿಶೀಲಿಸಿ ಒಪ್ಪುತ್ತಾರೆ. ಗೆಜೆಟ್‌ನಲ್ಲಿ ಒಂದು ವಿಸ್ತೀರ್ಣ, ಖಾತಾದಲ್ಲಿ ಇನ್ನೊಂದು, ನೆಲದ ಮೇಲೆ ಮತ್ತೊಂದು ಇರುವ ಕಡೆಯೇ ಅರ್ಜಿ ಸಿಕ್ಕಿಬೀಳುವುದು. ಮೊದಲು ಸರ್ವೆ ಮಾಡಿಸಿ ನಕ್ಷೆ ಪಡೆದು ಆಮೇಲೆ ತುಂಬುವುದು ಕ್ಷೇಮ.

ಡೀಡ್ ಇಲ್ಲದೆ ಬಹುಕಾಲದ ಬಳಕೆಯಿಂದಲೇ ವಕ್ಫ್ ಎನಿಸಿಕೊಳ್ಳುವ ದಾರಿಯನ್ನು 2025ರ ಕಾಯ್ದೆ ಮುಂದಕ್ಕೆ ಮುಚ್ಚಿದೆ. ಕಾಯ್ದೆಗೆ ಮುಂಚೆ ನೋಂದಾಯಿತವಾದವು ಉಳಿಯುತ್ತವೆ, ವ್ಯಾಜ್ಯದಲ್ಲಿರುವವು ಮತ್ತು ಸರ್ಕಾರಿ ಜಾಗವೆನ್ನಲಾದವು ಬಿಟ್ಟು. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್, ವಕ್ಫ್ ಮಾಡುವವರು 5 ವರ್ಷ ಇಸ್ಲಾಂ ಪಾಲಿಸಿರಬೇಕೆಂಬ ಷರತ್ತನ್ನೂ ಸರ್ಕಾರಿ ಅಧಿಕಾರಿಯೇ ಆಸ್ತಿಯ ಹಕ್ಕು ತೀರ್ಮಾನಿಸುವ ಭಾಗವನ್ನೂ ತಡೆಹಿಡಿಯಿತು. ನೋಂದಣಿಯನ್ನು ತಡೆಯಲಿಲ್ಲ.

ಟ್ರಸ್ಟ್ ಆಗಿ ನೋಂದಾಯಿತವಾಗಿ ಎಂದೂ ವಕ್ಫ್ ಮಾಡದ ಮಸೀದಿಗಳ ಪ್ರಶ್ನೆ ಬೇರೆ. ಮುಸ್ಲಿಮರು ಬೇರೆ ಕಾನೂನಿನಡಿ ಮಾಡಿದ ಟ್ರಸ್ಟಿಗೆ ವಕ್ಫ್ ಕಾಯ್ದೆ ಅನ್ವಯಿಸದು ಎಂದು ತಿದ್ದುಪಡಿ ಹೇಳುತ್ತದೆ. ಬಡಾವಣೆಯ ಬಹಳಷ್ಟು ಕಮಿಟಿಗಳಲ್ಲಿ ಟ್ರಸ್ಟ್ ಡೀಡ್ ಒಬ್ಬರ ಬೀರುವಿನಲ್ಲಿ, ಸೈಟಿನ ಕ್ರಯಪತ್ರ ಇನ್ನೊಬ್ಬರ ಹೆಸರಿನಲ್ಲಿ ಇರುತ್ತದೆ. ಪೋರ್ಟಲ್ ತೆರೆಯುವ ಮುಂಚೆ ಆ ಎರಡು ಕಾಗದವನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ವಕೀಲರಿಂದ ಓದಿಸಬೇಕು. ಕ್ರಯಪತ್ರ ವ್ಯಕ್ತಿಯ ಹೆಸರಿನಲ್ಲಿದ್ದರೆ ಅವರು ಬದುಕಿರುವಾಗಲೇ ಟ್ರಸ್ಟಿಗೆ ಬರೆಸಿಕೊಳ್ಳಬೇಕು. ಅವರು ತೀರಿಕೊಂಡ ಮೇಲೆ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ.